ಹಗೇವು ಮುಚ್ಚಿದೆವು, ಕಣ ಕಟ್ಟಲಿಲ್ಲ

2025ರ ದೀಪಾವಳಿಗೆ ಊರಿಗೆ ಹೊರಟಿದ್ದೆ. ನಮ್ಮೂರು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಬಸ್ಸು ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಗೋವಿನಜೋಳ (ಮೆಕ್ಕೆಜೋಳ) ಹರವಿದ್ದರು. ಅಂಚಿಗುಂಟ ಕಲ್ಲು, ಮುಳ್ಳಿನ ಟೊಂಗೆ. ಅಲ್ಲಲ್ಲಿ ಮಡಚಿಟ್ಟ ತಾಡಪತ್ರಿ. ಕಿಟಕಿಯಿಂದ ನೋಡುತ್ತಿದ್ದಾಗ ನಮ್ಮ ಅಣ್ಣನೇ ಕಂಡ. ಬರಿಗಾಲಲ್ಲಿ ಕಾಳಿನ ನಡುವೆ ನಡೆಯುತ್ತಾ, ಕಾಲಿನಿಂದಲೇ ಸಾಲು ಎಳೆದು ತಿರುವುತ್ತಿದ್ದ. ನಾನು ಅಲ್ಲೇ ಇಳಿದೆ. ಹಬ್ಬದ ಮೂರು ದಿನದಲ್ಲಿ ಮನೆಗಿಂತ ಆ ರಸ್ತೆಯ ಮೇಲೇ ಜಾಸ್ತಿ ಇದ್ದೆ.

ಮೋಡ ಕಟ್ಟಿದರೆ ಕಾಳು ಕೂಡಿಸಿ ತಾಡಪತ್ರಿ ಹೊಚ್ಚಬೇಕು. ಬಿಸಿಲು ಬಿದ್ದರೆ ಮತ್ತೆ ಹರವಬೇಕು. ಪಾಡ್ಯದ ದಿನ ಹೀಗೆ ನಾಲ್ಕು ಸಲ ಮಾಡಿದೆವು. ರಾತ್ರಿ ಅಲ್ಲೇ ಮಲಗಿದೆವು. ನಡುರಾತ್ರಿ ಒಬ್ಬ ಹುಡುಗ ಬೈಕಿನಿಂದ ಕಲ್ಲಿಗೆ ಬಡಿದು ಬಿದ್ದ. ಮೊಣಕಾಲು ಕೆತ್ತಿ ಹೋಗಿತ್ತು. ಅಣ್ಣನೇ ಅವನನ್ನು ಎಬ್ಬಿಸಿ, ನೀರು ಕುಡಿಸಿ, ಮನೆಗೆ ಬಿಟ್ಟು ಬಂದ. ಬಂದವನು ಬೆಳಗಿನವರೆಗೂ ಮಲಗಲಿಲ್ಲ.

ರಸ್ತೆ ಮೇಲೆ ಕಾಳು ಒಣಹಾಕುವ ಫೋಟೋಗಳನ್ನು ಫೇಸ್‌ಬುಕ್ಕಿನಲ್ಲಿ ನೀವೂ ನೋಡಿರುತ್ತೀರಿ. ಕೆಳಗೆ ಬೈಗುಳ ಇರುತ್ತದೆ. ಬೈಯುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಜನ ಬಿದ್ದು ಸತ್ತದ್ದೂ ಇದೆ. ಆದರೆ ಅಣ್ಣನಿಗೆ ನಾನೂ ಅದನ್ನೇ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಮತ್ತ ಎಲ್ಲಿ ಹಾಕೋಣ ಹೇಳ ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲಿ ಕಾಳು ಒಕ್ಕುವ ಕಣ ಇತ್ತು. ಎರೆಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ಮುಖ್ಯ ಬೆಳೆ ಬಿಳಿಜೋಳ. ಅದು ಹಿಂಗಾರಿನದು. ಸುಗ್ಗಿ ಬರುವುದು ಮಾಘ, ಫಾಲ್ಗುಣದಲ್ಲಿ. ಆಗ ಆಕಾಶದಲ್ಲಿ ಮೋಡ ಇರುತ್ತಿರಲಿಲ್ಲ. ತೆನೆ ಹೊಲದಲ್ಲೇ ಒಣಗಿರುತ್ತಿತ್ತು. ಕಣ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಎತ್ತು ಕಟ್ಟಿ ತುಳಿಸಿದರೆ ರಾಶಿ ಆಯಿತು. ಕಾಳು ಹಸಿ ಇದೆಯೋ ಒಣಗಿದೆಯೋ ಎಂಬ ಚಿಂತೆ ನಮ್ಮ ಅಜ್ಜನಿಗೆ ಬಂದದ್ದೇ ಇಲ್ಲ.

ಈಗ ನಾವು ಬೆಳೆಯುವುದು ಹೆಸರು ಮತ್ತು ಗೋವಿನಜೋಳ. ಹೆಸರು ಕೊಯ್ಲಿಗೆ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಮಳೆಗಾಲದ ನಡುವೆ. ಗೋವಿನಜೋಳ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹಿಂದಿರುಗುವ ಮಳೆ ಸುರಿಯುವಾಗ. ನನಗನಿಸುವುದು ಇಷ್ಟು. ನಾವು ಬೆಳೆ ಬದಲಿಸಿದೆವು, ಬೀಜ ಬದಲಿಸಿದೆವು, ಎತ್ತು ಮಾರಿ ಮಷಿನ್ ತಂದೆವು. ಬಿತ್ತುವ ಕಡೆಯದ್ದೆಲ್ಲಾ ಹೊಸದಾಯಿತು. ಕೊಯ್ದ ಮೇಲೆ ಒಣಗಿಸಿ ಇಟ್ಟುಕೊಳ್ಳುವ ಕಡೆಗೆ ಯಾರೂ ಏನೂ ಮಾಡಲಿಲ್ಲ. ನಾವೂ ಮಾಡಲಿಲ್ಲ, ಸರ್ಕಾರವೂ ಮಾಡಲಿಲ್ಲ. ಇವತ್ತಿನ ರೈತ ಬೆಳೆ ಹೋಗಿ ಸೋಲುವುದಕ್ಕಿಂತ, ಬಂದ ಬೆಳೆಯನ್ನು ಎರಡು ತಿಂಗಳು ತಡೆದು ಇಟ್ಟುಕೊಳ್ಳಲಾಗದೆ ಸೋಲುವುದೇ ಜಾಸ್ತಿ.

ತಡೆದು ಇಟ್ಟುಕೊಳ್ಳುವುದು ಎಂದಾಗ ಹಗೇವಿನ ಮಾತು ಹೇಳಲೇಬೇಕು. ಈಗಿನ ಹುಡುಗರಿಗೆ ಆ ಶಬ್ದವೇ ಗೊತ್ತಿಲ್ಲ. ನೀರು ನಿಲ್ಲದ ಎತ್ತರದ ಜಾಗದಲ್ಲಿ ನೆಲ ತೋಡಿ ಮಾಡಿದ ಕಾಳಿನ ಗುಂಡಿ ಅದು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಕಿ, ಹೊಟ್ಟು ಹಾಕಿ ಜೋಳ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿ ಒಳಗೆ ಹೋಗದು. ಒಳಗಿನ ಗಾಳಿಯೂ ತೀರಿ ಹುಳ ಸಾಯುತ್ತಿತ್ತು. ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕಿತ್ತು. ಕಲ್ಲು ತೆಗೆದು ಸಾಕಷ್ಟು ಹೊತ್ತು ಹಾಗೇ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆತುರಪಟ್ಟು ಇಳಿದು ಉಸಿರು ಕಟ್ಟಿ ಸತ್ತವರ ಕಥೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ.

ನಮ್ಮ ಮನೆ ಮುಂದಿನ ಹಗೇವನ್ನು ನಾನು ನೋಡಿಲ್ಲ. ಅದರ ಬಾಯಿಗೆ ಮುಚ್ಚುತ್ತಿದ್ದ ಕಲ್ಲನ್ನು ನೋಡಿದ್ದೇನೆ. ಅವ್ವ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. "ಬರ ಬಿದ್ದ ವರ್ಷ ಅಜ್ಜ ಹಗೇವು ತೆಗೆಸಿದ್ರು, ಇಡೀ ಓಣಿ ಉಂಡಿತ್ತು" ಎನ್ನುತ್ತಾಳೆ. ಹಳೆಯದೆಲ್ಲಾ ಚಂದ ಇತ್ತು ಎಂದು ನಾನು ಹೇಳುತ್ತಿಲ್ಲ. ಹಗೇವು ಇದ್ದದ್ದು ದೊಡ್ಡ ಒಕ್ಕಲಿನವರಿಗೆ. ಕೂಲಿ ಮಾಡುವವರು ಅದರ ಬಾಯಲ್ಲಿ ಸೆರಗೊಡ್ಡಿ ನಿಲ್ಲಬೇಕಿತ್ತು. ಅದು ಮರಳಿ ಬರುವುದೂ ಬೇಡ. ಆದರೆ ಅಜ್ಜನಿಗೆ ಒಂದು ಶಕ್ತಿ ಇತ್ತು. ದರ ಇಲ್ಲದಿದ್ದರೆ ಈಗ ಮಾರುವುದಿಲ್ಲ ಎನ್ನುವ ಶಕ್ತಿ. ಆ ಶಕ್ತಿ ಅಣ್ಣನಿಗೆ ಇಲ್ಲ.

ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದನ್ನು ತಿನ್ನುವವರು ನೀವು. ನಾನು ಚಿಕ್ಕವನಿದ್ದಾಗ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹೆಸರುಕಾಯಿ ಬಿಡಿಸುತ್ತಿದ್ದರು. ಒಣಗಿದ್ದು ಮೊದಲು, ಹಸಿರಿದ್ದು ವಾರ ಬಿಟ್ಟು. ಈಗ ಬಿಡಿಸಲು ಆಳು ಸಿಗುವುದಿಲ್ಲ. ಸಿಕ್ಕರೂ ಮಳೆ ಕಾಯುವುದಿಲ್ಲ. ರಾಶಿ ಮಷಿನ್ ಹೊಲಕ್ಕೆ ಇಳಿಯಬೇಕು ಎಂದರೆ ಗಿಡ ಒಣಗಿರಬೇಕು, ಹಸಿ ಎಲೆ ಇದ್ದರೆ ಮಷಿನ್ ಕಟ್ಟುತ್ತದೆ. ಹಾಗಾಗಿ ಕೊಯ್ಲಿಗೆ ಕೆಲವೇ ದಿನ ಮೊದಲು ಕಳೆನಾಶಕ ಹೊಡೆದು ಇಡೀ ಬೆಳೆಯನ್ನು ಸುಡುತ್ತಾರೆ. ಎರಡು ಮೂರು ದಿನದಲ್ಲಿ ಹಸಿರು ಹೊಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಳೆಗೆ ಎಂದು ಮಾಡಿದ ಔಷಧ ನೇರವಾಗಿ ಕಾಯಿಯ ಮೇಲೆ ಬೀಳುತ್ತದೆ. ನಮ್ಮ ಹೊಲದಲ್ಲೂ ಒಂದು ವರ್ಷ ಹೊಡೆಸಿದ್ದೇವೆ. ಆ ವರ್ಷ ಅವ್ವ ಮನೆಗೆ ಹೆಸರು ಇಟ್ಟುಕೊಳ್ಳಲಿಲ್ಲ. "ನಾವು ಉಣ್ಣಲಾರದ್ದನ್ನ ಮಂದಿಗೆ ಹೆಂಗ ಮಾರೋದು" ಎಂದಳು. ಮರುವರ್ಷದಿಂದ ಬಿಟ್ಟೆವು. ಎರಡು ಎಕರೆ ಮಾತ್ರ ಹೆಸರು ಹಾಕಿ ಕೈಯಿಂದಲೇ ಬಿಡಿಸುತ್ತೇವೆ. ಹತ್ತು ಎಕರೆ ಇರುವವನು ಏನು ಮಾಡಬೇಕು? ಕಡಿಮೆ ಖರ್ಚಿನಲ್ಲಿ ಒಣಗಿಸುವ ಯಂತ್ರ ಊರಲ್ಲಿ ಒಂದು ಇದ್ದರೆ, ಗಿಡ ಕಿತ್ತು ರಾಶಿ ಹಾಕಿ ಆಮೇಲೆ ಒಕ್ಕಲು ನೆರಳು ಇರುವ ಕಣ ಇದ್ದರೆ, ಈ ಔಷಧ ಹೊಡೆಯುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ ಎಂದು ನಾನು ನಂಬಿದ್ದೇನೆ. ಯಾರಿಗೂ ವಿಷ ಹೊಡೆಯುವ ಆಸೆ ಇಲ್ಲ.

ಇನ್ನು ಮಾರುವ ಮಾತು. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅಣ್ಣ 4 ಎಕರೆಯಲ್ಲಿ 80 ಕ್ವಿಂಟಲ್ ಬೆಳೆದಿದ್ದ. ಮೊದಲ ಟ್ರ್ಯಾಕ್ಟರ್ ತೆಗೆದುಕೊಂಡು ಹೋದಾಗ ಕಾಳು ಕೊಳ್ಳುವ ಅಂಗಡಿಯವರು ಮಷಿನ್ ಇಟ್ಟು ನೋಡಿ ಹಸಿ (ತೇವಾಂಶ) 18 ಪರ್ಸೆಂಟ್ ಇದೆ ಎಂದರು. ಒಣಗಿದ ಮಾಲು ಎಂದರೆ 14ರ ಒಳಗೆ ಇರಬೇಕು. 1,700ಕ್ಕೆ ಕೇಳಿದರು. ಅವನು ವಾಪಸ್ ತಂದ. ಅದೇ ಕಾಳು ನಾನು ರಸ್ತೆ ಮೇಲೆ ನೋಡಿದ್ದು. ಒಣಗಿಸಿ ಮತ್ತೆ ಒಯ್ದಾಗ 1,750 ಕೊಟ್ಟರು. ಲೆಕ್ಕ ನೀವೇ ಹಾಕಿ. ಕ್ವಿಂಟಲ್‌ಗೆ 650 ಕಡಿಮೆ. 80 ಕ್ವಿಂಟಲ್‌ಗೆ 52,000 ರೂಪಾಯಿ. ಅಣ್ಣನ ಮಗಳ ಒಂದು ವರ್ಷದ ಕಾಲೇಜು, ಹಾಸ್ಟೆಲ್ ಖರ್ಚು ಅದಕ್ಕಿಂತ ಕಡಿಮೆ.

ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಕೇಳಬಹುದು. ಇಡಲು ಜಾಗ ಇಲ್ಲ, ಪಡಸಾಲೆಯಲ್ಲಿ ಎಷ್ಟು ಚೀಲ ಹಿಡಿದೀತು? ಜೊತೆಗೆ ಬೀಜ, ಗೊಬ್ಬರಕ್ಕೆ ಉದ್ರಿ ತಂದದ್ದು ತೀರಿಸಬೇಕು. ಮುಂಗಡ ಕೊಟ್ಟ ಅಂಗಡಿಗೇ ಮಾಲು ಹೋಗಬೇಕು, ಅವರು ಹೇಳಿದ್ದೇ ದರ. ಆ ಅಂಗಡಿಯವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅಪ್ಪನಿಗೆ ಆಪರೇಷನ್ ಆದಾಗ ರಾತ್ರೋರಾತ್ರಿ ಹಣ ಕಳಿಸಿದವರು ಅವರೇ. ಆದರೆ ಅಂಥ ಋಣದಲ್ಲಿ ಇರುವವನು ದರ ಕೇಳಲಾರ. ಹಿಂಗಾರಿಗೆ ಕಡಲೆ ಬಿತ್ತಲು ಅದೇ ವಾರ ರೊಕ್ಕವೂ ಬೇಕು. ಎಲ್ಲರಿಗೂ ಅದೇ ವಾರ ಬೇಕು. ಹಾಗಾಗಿ ಎಲ್ಲರ ಮಾಲೂ ಒಂದೇ ತಿಂಗಳು ಮಾರುಕಟ್ಟೆಗೆ ಬರುತ್ತದೆ, ದರ ಬೀಳುತ್ತದೆ.

ಆ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರಕ್ಕಾಗಿ ರೈತರು ಧರಣಿ ಕೂತದ್ದು ನಿಮಗೆ ನೆನಪಿರಬಹುದು. ಬೆಂಬಲ ಬೆಲೆ ಘೋಷಣೆ ಆಗುವುದು ಬಿತ್ತುವ ಕಾಲಕ್ಕೆ. ಕೇಂದ್ರ ತೆರೆಯಿರಿ ಎಂದು ಕೇಳಲು ಸುಗ್ಗಿ ಬಿಟ್ಟು ರಸ್ತೆಯಲ್ಲಿ ಕೂರಬೇಕು. ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತನ ಮಾಲು ಮಾರಿ ಹೋಗಿರುತ್ತದೆ. ಅಲ್ಲಿ ಹೆಸರು ಬರೆಸಲು ಪಹಣಿ ಬೇಕು, ಫ್ರೂಟ್ಸ್ ಐಡಿ ಎಂಬ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ನಮ್ಮ ಊರಲ್ಲಿ ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರು ಎಷ್ಟೋ ಜನ. ಪಹಣಿ ಇನ್ನೊಬ್ಬರ ಹೆಸರಲ್ಲಿದೆ, ಆ ಹೆಸರಿನವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಲಾವಣಿ ಹಣ ಮೊದಲೇ ಕೊಟ್ಟು, ಮಣ್ಣಲ್ಲಿ ದುಡಿದವನು ಸರ್ಕಾರದ ಲೆಕ್ಕದಲ್ಲಿ ರೈತನೇ ಅಲ್ಲ. ಸಹಕಾರ ಸಂಘದ ಬಡ್ಡಿ ಇಲ್ಲದ ಸಾಲವೂ ಅವನಿಗೆ ಸಿಗುವುದಿಲ್ಲ.

ವಿಮೆ ಇದೆಯಲ್ಲ ಎನ್ನುತ್ತಾರೆ. 2016ರಿಂದ ಫಸಲ್ ಬಿಮಾ ಇದೆ, ಮುಂಗಾರಿನ ಕಾಳಿಗೆ ರೈತ ವಿಮೆ ಮೊತ್ತದ 2 ಪರ್ಸೆಂಟ್ ಕಟ್ಟಿದರೆ ಸಾಕು. ಒಳ್ಳೆಯದೇ, ನಾವೂ ಕಟ್ಟುತ್ತೇವೆ. ಕೊಯ್ದು ಹೊಲದಲ್ಲೇ ಒಣಹಾಕಿದ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ. ಆದರೆ ಮಷಿನ್ ಹಾಕಿಸಿ, ರಸ್ತೆ ಮೇಲೆ ಹರವಿದ ಕಾಳು ಮಳೆಗೆ ಮೊಳಕೆ ಒಡೆದರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ದರ ಬಿದ್ದರಂತೂ ಅದಕ್ಕೆ ವಿಮೆಯೇ ಇಲ್ಲ.

ಗೋದಾಮು ಕಟ್ಟಿದರೆ ಎಲ್ಲಾ ಸರಿಯಾಗುತ್ತದೆ ಎಂದೂ ನಾನು ಹೇಳಲಾರೆ. ಬ್ಯಾಡಗಿ ನೋಡಿ. ಊರ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಸಾಲಾಗಿ ನಿಂತಿವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ, ಇದು ಈ ಸೀಮೆಯದೇ ವಿಶೇಷ ಮಾಲು ಎನ್ನುವ ಜಿಐ ಗುರುತೂ ಸಿಕ್ಕಿತು. ಆದರೂ 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಮಾರುಕಟ್ಟೆಯಲ್ಲಿ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದು ತಪ್ಪು. ಆದರೆ ಎರಡು ದಿನ ಲಾರಿಯಲ್ಲಿ ಕೂತು ಬಂದವನಿಗೆ, ಹೋದ ವಾರದ ಅರ್ಧ ದರ ಹೇಳಿದರೆ ಎದೆ ಒಡೆಯದೇ ಇರುತ್ತದಾ? ಇಟ್ಟುಕೊಳ್ಳುವ ಜಾಗ ಇದ್ದರೂ, ಬಾಡಿಗೆ ಕಟ್ಟಿ ಕಾಯುವ ಹಣ ಯಾರ ಹತ್ತಿರ ಇದೆಯೋ ಜಾಗ ಅವರದ್ದೇ. ಹಳೆ ಮಾಲು, ಹೊಸ ಮಾಲು ಒಟ್ಟಿಗೆ ಹೊರಬಂದರೆ ಪೆಟ್ಟು ಬೀಳುವುದು ಕಾಯಲಾಗದವನಿಗೆ.

ಉಳ್ಳಾಗಡ್ಡಿಯದು (ಈರುಳ್ಳಿಯದು) ಇನ್ನೊಂದು ಕಥೆ. ನಮ್ಮ ಮುಂಗಾರಿನ ಉಳ್ಳಾಗಡ್ಡಿ ಜಾಸ್ತಿ ದಿನ ಉಳಿಯುವುದೇ ಇಲ್ಲ. ದರ ಸ್ವಲ್ಪ ಮೇಲೆ ಬಂತು ಎನ್ನುವಾಗ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದವರು ರಫ್ತು ನಿಲ್ಲಿಸಿದರು, ಮುಂದಿನ ಮೇವರೆಗೂ ತೆಗೆಯಲಿಲ್ಲ. ಅಲ್ಲಿ ಕಣವೂ ಕೆಲಸಕ್ಕೆ ಬರುವುದಿಲ್ಲ.

ಆದರೆ ಗೋವಿನಜೋಳ, ಹೆಸರು, ಕಡಲೆ ಒಣ ಕಾಳು. ಇವಕ್ಕೆ ದಾರಿ ಇದೆ. ಗೋದಾಮಿನಲ್ಲಿ ಮಾಲು ಇಟ್ಟು, ರಸೀದಿ ತೋರಿಸಿ ಸಾಲ ಪಡೆದು, ದರ ಬಂದಾಗ ಮಾರುವ ವ್ಯವಸ್ಥೆ ಕಾಗದದಲ್ಲಿ ಎಂದೋ ಬಂದಿದೆ. ಆ ರಸೀದಿಗೆ ಕಾನೂನಿನ ಬಲ ಕೊಡುವ ಕಾಯ್ದೆ 2007ರದ್ದು. ಹಳ್ಳಿಯ ಸಹಕಾರ ಸಂಘಗಳಲ್ಲೇ ಕಾಳಿನ ಗೋದಾಮು ಕಟ್ಟುವ ಯೋಜನೆಗೆ 2023ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ನಮ್ಮ ಊರಿನ ಸಂಘದಲ್ಲಿ ಇವತ್ತಿಗೂ ಇರುವುದು ಒಂದು ಕೋಣೆ, ಒಂದು ಕಪಾಟು. ಗೊಬ್ಬರ ಬಂದ ದಿನ ಅದರ ಮುಂದೆ ಸಾಲು ನಿಲ್ಲುತ್ತದೆ, ಉಳಿದ ದಿನ ಬೀಗ.

ಇದು ನನಗೆ ಜಾಸ್ತಿ ನೋವು ಕೊಡುವುದಕ್ಕೆ ಕಾರಣ ಇದೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ನಮ್ಮದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ, ಇದ್ದಬದ್ದ ಹಣ ಒಟ್ಟುಮಾಡಿ ಶುರುಮಾಡಿದರು. ಬಡ್ಡಿಯವರ ಕೈಯಿಂದ ರೈತನನ್ನು ಬಿಡಿಸಲು ನೂರಿಪ್ಪತ್ತು ವರ್ಷದ ಹಿಂದೆ ಒಂದು ಹಳ್ಳಿಗೆ ಅದು ಸಾಧ್ಯವಾಯಿತು.

ನಮ್ಮೂರ ಸಂಘದ ಹಿಂದೆ ಖಾಲಿ ಜಾಗ ಇದೆ, ಈಗ ಜಾಲಿ ಬೆಳೆದಿದೆ. ಅಲ್ಲಿ ಊರಿಗೆಲ್ಲಾ ಸೇರಿ ಒಂದು ಸಿಮೆಂಟ್ ಕಣ, ಮೇಲೆ ತಗಡಿನ ಶೆಡ್ಡು, ಆಗುವುದಾದರೆ ಒಂದು ಒಣಗಿಸುವ ಯಂತ್ರ. ಇಷ್ಟನ್ನು ಕೇಳಿ ಅಣ್ಣ ಮತ್ತು ಓಣಿಯ ಹದಿನೇಳು ಜನ ಪಂಚಾಯಿತಿಗೆ ಅರ್ಜಿ ಬರೆದಿದ್ದಾರೆ. ಬರೆದುಕೊಟ್ಟವನು ನಾನೇ. ಲಾವಣಿ ಮಾಡುವವರಿಗೂ ಅದೇ ಸಾಲಿನಲ್ಲಿ ಪಾಳಿ ಸಿಗಬೇಕು ಎಂದು ಅದರಲ್ಲಿ ಸೇರಿಸಿದ್ದೇವೆ. ಇದಕ್ಕೆ ಮೊದಲು ಇಬ್ಬರು ಒಪ್ಪಲಿಲ್ಲ. ಅವ್ವ ಅವರ ಮನೆಗೆ ಹೋಗಿ ಮಾತಾಡಿ ಬಂದಳು, ಆಮೇಲೆ ಸಹಿ ಹಾಕಿದರು.

ಮುಂದಿನ ಗ್ರಾಮಸಭೆಗೆ ನಾನೂ ರಜೆ ಹಾಕಿ ಹೋಗುತ್ತಿದ್ದೇನೆ. ನಿಮ್ಮ ಊರಲ್ಲಿ ಇಂಥ ಕಣ ಆಗಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಎಷ್ಟು ಜಾಗ ಹಿಡಿಯಿತು, ಯಾವ ಯೋಜನೆಯಲ್ಲಿ ಹಣ ಬಂತು, ಸುಗ್ಗಿಯಲ್ಲಿ ಪಾಳಿ ಹೇಗೆ ಹಂಚಿಕೊಂಡಿರಿ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ. ಇವನ್ನೆಲ್ಲಾ ಸಭೆಯಲ್ಲಿ ಕೇಳುತ್ತಾರೆ, ನಮಗೆ ಉತ್ತರ ಬೇಕು. ಫೋಟೋ ಇದ್ದರೆ ಅದನ್ನೂ ಹಾಕಿ. ಅಣ್ಣನಿಗೆ ತೋರಿಸುತ್ತೇನೆ.