ಬ್ರೂಸ್ ಬ್ರೌನ್ ಮರಳಿದ, ಕಳೆದುಹೋದ ಎರಡು ವರ್ಷ ಮರಳುವುದಿಲ್ಲ

2025ರ ಬೇಸಿಗೆಯಲ್ಲಿ ಬ್ರೂಸ್ ಬ್ರೌನ್ ಮತ್ತೆ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಡೆನ್ವರ್ ನಗೆಟ್ಸ್ ಸೇರುತ್ತಿದ್ದಾನೆ ಎಂಬ ಸುದ್ದಿ ಓದಿ ಮನೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ಬೆಂಚನ್ನು, ಅಂದರೆ ಬದಲಿ ಆಟಗಾರರ ಪಡೆಯನ್ನು, ಕೆಲವೇ ದಿನಗಳಲ್ಲಿ ಹೀಗೆ ಕಟ್ಟಬಹುದಾಗಿದ್ದರೆ ಎರಡು ವರ್ಷ ತಂಡದ ಮುಖ್ಯ ಆಟಗಾರ ನಿಕೊಲಾ ಯೊಕಿಚ್‌ನನ್ನು ಹಾಗೆ ಒಂಟಿಯಾಗಿ ದುಡಿಸಿದ್ದು ಏಕೆ?

ಕಾಲೇಜು ತಂಡದಲ್ಲಿ ಮೂರು ವರ್ಷ ನಾನು ಬೆಂಚಿನಲ್ಲಿದ್ದವನು. ಮುಖ್ಯ ಆಟಗಾರ ಉಸಿರು ತೆಗೆದುಕೊಳ್ಳುವ ಆ ಆರೇಳು ನಿಮಿಷ ಮುನ್ನಡೆ ಕರಗದಂತೆ ಕಾಯುವುದು ಎಂಥ ಕೆಲಸ ಎಂಬುದನ್ನು ಅಲ್ಲಿಯೇ ಕಲಿತೆ. 2023ರಲ್ಲಿ ಡೆನ್ವರ್ ಎನ್‌ಬಿಎ ಪ್ರಶಸ್ತಿ ಗೆದ್ದಾಗ ಆ ಕೆಲಸ ಮಾಡಿಕೊಟ್ಟವನು ಬ್ರೌನ್. ಮಯಾಮಿಯಲ್ಲಿ ನಡೆದ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಅವನ 21 ಅಂಕಗಳನ್ನು ಮರೆಯಲು ಸಾಧ್ಯವೇ? ಪ್ರಶಸ್ತಿ ಬಂದ ಬೇಸಿಗೆಯಲ್ಲೇ ಇಂಡಿಯಾನಾ ತಂಡ ಅವನಿಗೆ ಎರಡು ವರ್ಷಕ್ಕೆ 4.5 ಕೋಟಿ ಡಾಲರ್ ಕೊಟ್ಟಿತು. ಲೀಗಿನ ವೇತನ ನಿಯಮದ ಪ್ರಕಾರ ಡೆನ್ವರ್ ಮೊದಲ ವರ್ಷಕ್ಕೆ ಕೊಡಬಹುದಾಗಿದ್ದದ್ದು ಸುಮಾರು 78 ಲಕ್ಷ ಡಾಲರ್. ಅದಕ್ಕೆ ಯಾರನ್ನೂ ದೂರುವುದಿಲ್ಲ.

2024ರ ಮಾತು ಬೇರೆ. ಆರಂಭಿಕ ಐವರಲ್ಲೊಬ್ಬನಾಗಿದ್ದ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್‌ನನ್ನು ಉಳಿಸಿಕೊಳ್ಳಲು ನಿಯಮ ಅಡ್ಡ ಬಂದಿರಲಿಲ್ಲ. ಎರಡನೇ ಏಪ್ರನ್ ಎಂಬ ವೆಚ್ಚದ ಗೆರೆ ದಾಟಲು ತಂಡಕ್ಕೆ ಮನಸ್ಸಿರಲಿಲ್ಲ, ಅಷ್ಟೇ. ಅವನು ಮೂರು ವರ್ಷಕ್ಕೆ 6.6 ಕೋಟಿ ಡಾಲರಿಗೆ ಒರ್ಲಾಂಡೊ ಸೇರಿದ. ಯೊಕಿಚ್ ದಣಿದಾಗ ನಿಲ್ಲಲಿ ಎಂದು ತಂದ ಡಾರಿಯೊ ಶಾರಿಚ್ ಇಡೀ ಋತುವಿನಲ್ಲಿ ಅಂಕಣಕ್ಕಿಳಿದದ್ದು 16 ಪಂದ್ಯಗಳಲ್ಲಿ.

ಕಾಲ್ಡ್‌ವೆಲ್-ಪೋಪ್ ಒರ್ಲಾಂಡೊದಲ್ಲಿ ಮಂಕಾದ, ಒಂದೇ ವರ್ಷಕ್ಕೆ ಮೆಂಫಿಸ್‌ಗೆ ಹೋದ, ಅವನ ಜಾಗವನ್ನು ಕ್ರಿಶ್ಚಿಯನ್ ಬ್ರಾನ್ ಸೊಗಸಾಗಿ ತುಂಬಿದ, ಹಾಗಾಗಿ ತಂಡ ಮಾಡಿದ್ದೇ ಸರಿ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಬ್ರಾನ್ ತುಂಬಿದ, ನಿಜ. ಆದರೆ ಅವನು ಬೆಂಚಿನಿಂದಲೇ ಎದ್ದು ಹೋದವನಲ್ಲವೇ? ಬೆಂಚಿನಲ್ಲಿ ಅವನು ಬಿಟ್ಟುಹೋದ ಜಾಗಕ್ಕೆ ಯಾರನ್ನು ತಂದರು? ಈ ಪ್ರಶ್ನೆಗೆ ಗೆಳೆಯನಿಂದ ಇನ್ನೂ ಉತ್ತರ ಬಂದಿಲ್ಲ.

2025ರ ಮೇ ತಿಂಗಳ ಆ ರಾತ್ರಿ ಕಣ್ಣಿಗೆ ಕಟ್ಟಿದಂತಿದೆ. ನಮ್ಮಲ್ಲಿ ಒಂದು ಗಂಟೆ, ಒಕ್ಲಹೋಮಾ ಸಿಟಿ ಎದುರು ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ. ನಮ್ಮ ಆರನ್ ಗೋರ್ಡನ್ ತೊಡೆಯ ಸ್ನಾಯುವಿಗೆ ಪೆಟ್ಟಾಗಿದ್ದರೂ ಆಡಲು ಬಂದಿದ್ದ. ಏಕೆಂದರೆ ಅವನ ಬದಲಿಗೆ ಕಳುಹಿಸಲು ಯಾರೂ ಇರಲಿಲ್ಲ. 125-93ರಿಂದ ಸೋತೆವು. ಋತುವಿನುದ್ದಕ್ಕೂ ಸರಾಸರಿ 29.6 ಅಂಕ, 12.7 ರಿಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿದದ್ದು), 10.2 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಕೊಟ್ಟ ಯೊಕಿಚ್ ತಲೆತಗ್ಗಿಸಿ ನಡೆದು ಹೋದ. ನಾನು ಟಿವಿ ಆರಿಸಿ ಅತ್ತೆ. ಬೆಳಿಗ್ಗೆ ಕಚೇರಿಗೂ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಬ್ರೌನ್ ಒಂದು ವರ್ಷದ ಕನಿಷ್ಠ ವೇತನಕ್ಕೆ ಬಂದ. ಟಿಮ್ ಹಾರ್ಡವೇ ಜೂನಿಯರ್ ಕೂಡ ಅಷ್ಟಕ್ಕೇ ಒಪ್ಪಿದ. 2024-25ರ ಋತುವಿನಲ್ಲಿ ಡೆಟ್ರಾಯಿಟ್ ಪರ ಆರಂಭಿಕ ಐವರಲ್ಲಿದ್ದವನು! ಅದೇ ಶಾರಿಚ್‌ನನ್ನು ಕೊಟ್ಟು ಸ್ಯಾಕ್ರಮೆಂಟೊದಿಂದ ಯೊನಾಸ್ ವಲಾನ್ಚೂನಾಸ್‌ನನ್ನು ತಂದದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಇದಕ್ಕೆಲ್ಲ ದಾರಿ ಮಾಡಿಕೊಟ್ಟದ್ದು ಮೈಕಲ್ ಪೋರ್ಟರ್ ಜೂನಿಯರ್ ಬದಲಿಗೆ ಬಂದ ಕ್ಯಾಮ್ ಜಾನ್ಸನ್: 2025-26ರ ಋತುವಿಗೆ ಪೋರ್ಟರ್‌ಗೆ 3.8 ಕೋಟಿ ಡಾಲರ್, ಇವನಿಗೆ ಸುಮಾರು 2.1 ಕೋಟಿ. ಪ್ರತಿಯಾಗಿ ಬ್ರೂಕ್ಲಿನ್‌ಗೆ 2032ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸುವಲ್ಲಿ, ಮೊದಲ ಸುತ್ತಿನ ಆಯ್ಕೆಯನ್ನೂ ಕೊಟ್ಟರು. ಕೊಡಲಿ. ಆಗ ಯೊಕಿಚ್‌ಗೆ 37. 2025ರಲ್ಲಿ ಅವನಿಗೆ 30, ಇರುವ ಕಾಲ ಇದೇ.

2025ರ ಅಕ್ಟೋಬರ್‌ನ ಮೊದಲ ಪಂದ್ಯದಲ್ಲಿ ಎರಡನೇ ಕ್ವಾರ್ಟರ್ ಶುರುವಾಗುವಾಗ ಯೊಕಿಚ್ ಹೆಗಲಿಗೆ ಟವೆಲ್ ಹಾಕಿಕೊಂಡು, ನೀರು ಕುಡಿಯುತ್ತ, ಆತಂಕವಿಲ್ಲದೆ ಕುಳಿತಿರುವುದನ್ನು ನಾನು ನೋಡಬೇಕೆಂದುಕೊಂಡೆ.