ಸೊರಗೀರಲ್ಲ!

ಕೊಪ್ಪಳದ ಕಡೆ ಮದುವೆ ಮನೆಗೆ ಹೋದರೆ ಒಂದು ಸಂತಾಪ ಕಾದಿರುತ್ತದೆ: "ಯಾಕ್ರೀ, ಭಾಳ ಸೊರಗೀರಲ್ಲ!" ಹಟ ಹಿಡಿದು ಹೊಟ್ಟೆ ಇಳಿಸಿದವರಿಗೂ ಇದು ತಪ್ಪಿದ್ದಲ್ಲ. ಮೈ ಬಿಟ್ಟವರಿಗೆ ಮಾತ್ರ, "ಈಗ ಚಲೋ ಆಗೀರಿ ನೋಡ್ರಿ." ಬರ ಕಂಡ ಸೀಮೆಯಲ್ಲಿ ತುಂಬಿದ ಮೈ ನೋಡಿ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ ಅಳೆಯುತ್ತಿದ್ದರು. ಹಗೇವು ಹೋಯಿತು, ಅಳತೆ ಉಳಿಯಿತು.

ಇನ್ನು ಕೆಲವರದು ಪ್ಯಾಂಟಿನ ಸಾಕ್ಷಿ. "ಮದುವ್ಯಾದಾಗಿಂದ ನನ್ನ ಸೈಜ್ 34, ಇವತ್ತಿಗೂ 34." ಬೆಲ್ಟು ವರ್ಷವರ್ಷ ಹೊಟ್ಟೆಯ ಕೆಳಗೆ ಜಾರುತ್ತಿದ್ದರೆ ಸೈಜು ಯಾಕೆ ಬದಲಾದೀತು? ಟೇಪು ಇಡುವ ಜಾಗ ಬೇರೆ. ಪಕ್ಕೆಲುಬಿನ ಕೆಳತುದಿ, ಸೊಂಟದ ಮೂಳೆಯ ಮೇಲಂಚು, ಕಂಕುಳಿನ ನೇರಕ್ಕೆ ಇವೆರಡನ್ನೂ ಬೆರಳಲ್ಲಿ ಹುಡುಕಿ ನಡುಮಧ್ಯೆ ಸುತ್ತಬೇಕು, ಅಂಗಿಯ ಮೇಲಲ್ಲ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡು ಟೇಪಿಗೆ ಮೋಸ ಮಾಡುವವರೇ ಹೆಚ್ಚು. ಬೆನ್ನ ಹಿಂದೆ ಟೇಪು ಇಳಿಬೀಳುತ್ತದೆ, ಇನ್ನೊಬ್ಬರು ನೋಡಲಿ. ಎರಡು ಸಲ ಅಳೆದು 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಹಳೆಯ ಬಟ್ಟೆ ಟೇಪು ಜಗ್ಗಿ ಜಗ್ಗಿ ಉದ್ದವಾಗಿ, ಸೊಂಟವನ್ನು ಸಣ್ಣದು ಮಾಡಿ ತೋರಿಸುತ್ತದೆ. ನಮ್ಮವರಲ್ಲಿ ಗಂಡಸಿಗೆ 90, ಹೆಂಗಸಿಗೆ 80 ಸೆಂ.ಮೀ. ಗಡಿ; ದಾಟಿದರೆ ಹೊಟ್ಟೆಯ ಬೊಜ್ಜು. ಯುರೋಪಿನ ಗಂಡಸಿಗೆ 94. ಅಷ್ಟೇ ತೂಕದಲ್ಲೂ ನಮಗೆ ಕೊಬ್ಬು ಹೊಟ್ಟೆಯೊಳಗೇ ಹೆಚ್ಚು ಕೂಡುತ್ತದೆ.

ಟೇಪಿಗೇ ಇಷ್ಟು ಹೊತ್ತಾಯಿತು, ಹೇಳಬೇಕಿದ್ದದ್ದು ಕಾಲುವೆಯದು. ತುಂಗಭದ್ರಾ ಎಡದಂಡೆಯ ನೀರು ಬಂದು ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಗಂಗಾಳದಲ್ಲಿ ರೊಟ್ಟಿ ಸರಿದು ಅನ್ನ ಬಂತು. ಬೈಯಬೇಕಾದ್ದು ಅನ್ನವನ್ನಷ್ಟೇ ಅಲ್ಲ. ಕೊಯ್ಲಿಗೆ ಮಷೀನು, ಹೊಲಕ್ಕೆ ಬೈಕು, ಅಡುಗೆಗೆ ಅಗ್ಗದ ಪಾಮ್ ಎಣ್ಣೆ. ನಾಟಿ ಹಚ್ಚುವವಳ ಬೆನ್ನು ಇನ್ನೂ ಬಗ್ಗಿಯೇ ಇದೆ, ಬದುವಿನ ಮೇಲೆ ನಿಂತವರ ಹೊಟ್ಟೆ ಮುಂದೆ ಬಂದಿದೆ. ಬಡದೇಶಗಳಲ್ಲಿ ಬೊಜ್ಜು ಮೊದಲು ಉಳ್ಳವರ ಮನೆಗೆ ಬರುತ್ತದೆ. ದೇಶದ ಆದಾಯ ಏರಿದಂತೆ ಬಡವರ ಓಣಿಗೂ, ಅದರಲ್ಲೂ ಹೆಂಗಸರಿಗೆ ಮೊದಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ಹೆಂಗಸರಲ್ಲಿ ಶೇ. 24 ಮಂದಿಯ ತೂಕ ಮಿತಿಮೀರಿತ್ತು. ಹಾಗಂತ ಬಡಕಲು ಮಕ್ಕಳು ಇಲ್ಲವಾಗಿಲ್ಲ; ಒಂದೇ ಮನೆಯಲ್ಲಿ ಎರಡೂ ಇರುತ್ತವೆ.

"ಬೆಳಿಗ್ಗೆ ವಾಕಿಂಗ್ ಹೋಗಮ್ಮ" ಅನ್ನುವವರನ್ನು ಮೇ ತಿಂಗಳ ರಾಯಚೂರಿಗೆ ಕರೆತರಬೇಕು. ಹೊತ್ತು ಏರುವ ಮೊದಲು ನಳದ ನೀರು, ರೊಟ್ಟಿ, ಮಕ್ಕಳ ಡಬ್ಬಿ. ಏರಿದ ಮೇಲೆ ಬಿಸಿಲು. ಫುಟ್‌ಪಾತ್ ಇದ್ದರೆ ಅದರ ಮೇಲೆ ಮಿರ್ಚಿ ಬಂಡಿ. ಎಣ್ಣೆ ಸರಿಯಾಗಿ ಕಾಯದಿದ್ದರೆ, ಹಿಟ್ಟಿಗೆ ಸೋಡಾ ಹೆಚ್ಚಾದರೆ ಮಿರ್ಚಿ ಎಣ್ಣೆ ಕುಡಿಯುತ್ತದೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಹಳೇ ಪೇಪರಿನಲ್ಲಿ ಒತ್ತಿ ತಿಂದವರಿಗೆ ಶಾಯಿ ಪುಕ್ಕಟೆ.