ಸತ್ಯಾಂಶ: ಕಷಾಯ ಕುಡಿದರೆ 15 ದಿನದಲ್ಲಿ 10 ಕಿಲೋ ಇಳಿಯುತ್ತದೆಯೇ?

ಒಮ್ಮೆ ಜೀರಿಗೆ, ಒಮ್ಮೆ ಲಿಂಬೆ-ಜೇನು, ನಮ್ಮ ಮಂಗಳೂರು-ಉಡುಪಿ ಕಡೆ ಪುನರ್ಪುಳಿ (ಕೋಕಂ) ಸಿಪ್ಪೆ. ಸಾಮಗ್ರಿ ಬದಲಾದರೂ ಫಾರ್ವರ್ಡ್ ಸಂದೇಶದ ಸಾರ ಒಂದೇ: ಖಾಲಿ ಹೊಟ್ಟೆಗೆ ಕುಡಿಯಿರಿ, 15 ದಿನದಲ್ಲಿ 10 ಕಿಲೋ ಕೊಬ್ಬು ಕರಗುತ್ತದೆ, ಪಥ್ಯ ಬೇಡ.

ಇದು ನಿಜವಲ್ಲ. ಪರೀಕ್ಷಿಸಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಹತ್ತು ಕಿಲೋಗೆ 77,000. ಹದಿನೈದರಿಂದ ಭಾಗಿಸಿದರೆ ದಿನಕ್ಕೆ 5,100ಕ್ಕೂ ಹೆಚ್ಚು. ಸಾಮಾನ್ಯ ವಯಸ್ಕರ ದಿನದ ಖರ್ಚೇ 2,000ದಿಂದ 2,500ರ ಆಸುಪಾಸು. ಪೂರ್ತಿ ಉಪವಾಸ ಕೂತರೂ ಲೆಕ್ಕ ಕೂಡದು.

ಹಾಗಾದರೆ ಕೆಲವರಿಗೆ ಮೊದಲ ವಾರವೇ ಎರಡು ಕಿಲೋ ಇಳಿದದ್ದು? ಅದು ಸುಳ್ಳಲ್ಲ, ಆದರೆ ಬಹುಪಾಲು ನೀರು. ಅನ್ನ ಕಡಿಮೆಯಾದಾಗ ಸ್ನಾಯು, ಯಕೃತ್ತಿನಲ್ಲಿನ ಗ್ಲೈಕೋಜೆನ್ (ದೇಹ ಕೂಡಿಟ್ಟ ಸಕ್ಕರೆ) ಖಾಲಿಯಾಗುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಮತ್ತೆ ಮಾಮೂಲಿ ಊಟಕ್ಕೆ ಬಂದರೆ ತೂಕವೂ ವಾಪಸ್. ಆದ್ದರಿಂದ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು ತೂಗಿ, ವಾರದ ಸರಾಸರಿಯನ್ನಷ್ಟೇ ನೋಡಿ.

ವಾರಕ್ಕೆ ಅರ್ಧದಿಂದ ಒಂದು ಕಿಲೋ ನಂಬಬಹುದಾದ ವೇಗ. ಕುಚ್ಚಲಕ್ಕಿ ಬಿಡಬೇಕಿಲ್ಲ, ಅಳೆಯಬೇಕು: 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ 120. ಒಗ್ಗರಣೆಗೆ ಕಣ್ಣಳತೆಯಲ್ಲಿ ಸುರಿಯುವುದೇ ಹೆಚ್ಚಿನವರ ಲೆಕ್ಕ ತಪ್ಪಿಸುತ್ತದೆ. ಪುನರ್ಪುಳಿ ಶರಬತ್ತು ಧಾರಾಳ ಕುಡಿಯಿರಿ, ಸಕ್ಕರೆ ಹಾಕದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲು ವೈದ್ಯರನ್ನು ಕೇಳಬೇಕು. ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯಬಹುದು.